ಹೆಂಡತಿಗೆ ‘ಗುಡ್, ಕೂತ್ಕೊ’ ಅಂದುಬಿಟ್ಟೆ, ನಾನು ಮೇಷ್ಟ್ರಾಗೋಕೆ ಲಾಯಕ್ಕಾ?

ಪ್ರಶ್ನೆ: ನನಗೆ 33 ವರ್ಷ. ಮದುವೆಯಾಗಿ 7 ವರ್ಷ ಆಯ್ತು, 4 ವರ್ಷದ ಮಗಳಿದ್ದಾಳೆ. ಇದ್ದ ಕೆಲಸ ಬಿಟ್ಟು ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಗೆ ಸೇರಿದ್ದೇನೆ. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಬೆಳಗ್ಗೆ ಮಗಳನ್ನು ಹೊರಡಿಸುವುದು ನನ್ನ ಪಾಲು. ಅಭ್ಯಾಸ ಬೋಧನೆ ಶುರುವಾದಾಗಿನಿಂದ ದಿನಕ್ಕೊಂದು ಎಡವಟ್ಟು. ಮಿಂಚುಪಟ್ಟಿ (ಮಕ್ಕಳಿಗೆ ಓದಲು ತೋರಿಸುವ ಫ್ಲ್ಯಾಶ್ ಕಾರ್ಡ್) ತೆಗೆಯೋಣ ಅಂತ ಬ್ಯಾಗಿಗೆ ಕೈ ಹಾಕಿದರೆ ಮಗಳ ಕಾಲುಚೀಲ ಬಂತು. ನೋಡದೆ ಅದನ್ನೇ ಎತ್ತಿ ಹಿಡಿದು ‘ಇದೇನು, ಎಲ್ಲರೂ ಓದಿ’ ಅಂದೆ. ಇನ್ನೊಂದು ದಿನ ಒಬ್ಬ ಹುಡುಗನನ್ನು ‘ಬಾ ಬಂಗಾರ’ ಅಂತ ಕರೆದು ಮೂಗು ಒರೆಸಲು ಹೋದೆ. ಹೆಂಡತಿಗೆ ಕಳಿಸಬೇಕಿದ್ದ ‘ಬೇಜಾರು ಮಾಡ್ಕೋಬೇಡ, ಬರ್ತಾ ಹಾಲು ತರ್ತೀನಿ’ ಅನ್ನುವ ವಾಯ್ಸ್ ಮೆಸೇಜ್ ನಮ್ಮ ಮಾರ್ಗದರ್ಶಕಿಗೆ ಹೋಯಿತು. ‘ಹಾಲು ಬೇಡ, ಪಾಠಯೋಜನೆ ತನ್ನಿ’ ಅಂತ ಉತ್ತರ ಬಂತು. ಕಳೆದ ವಾರ ಹೆಂಡತಿ ಆಫೀಸಿನಲ್ಲಾದ ಜಗಳವನ್ನೆಲ್ಲ ಹೇಳಿ ಮುಗಿಸಿದಳು. ನನ್ನ ಬಾಯಿಂದ ‘ಗುಡ್, ಕೂತ್ಕೊ. ಬೇರೆ ಯಾರು ಹೇಳ್ತೀರಾ?’ ಅಂತ ಬಂತು. ಎರಡು ದಿನ ಮಾತಿಲ್ಲ. ಮುಂದಿನ ವಾರ ಮೌಲ್ಯಮಾಪನದ ಪಾಠ ಇದೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ತಯಾರಿ ಮಾಡಬೇಕು ಅಂದುಕೊಂಡಿದ್ದೇನೆ. ನನ್ನ ತಲೆಗೇನಾಗಿದೆ? ನಾನು ಈ ಕೆಲಸಕ್ಕೆ ಲಾಯಕ್ಕಾ?

ಉತ್ತರ: ಕಾಲುಚೀಲದ ಸಾಲು ಓದಿ ಜೋರಾಗಿ ನಕ್ಕುಬಿಟ್ಟೆ. ‘ಹಾಲು ಬೇಡ’ ಅನ್ನುವಲ್ಲಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಆದ್ದರಿಂದ ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ತಲೆಗೆ ಏನೂ ಆಗಿಲ್ಲ. ನೀವು ಬರೆದಿರುವ ನಾಲ್ಕೂ ಎಡವಟ್ಟುಗಳಲ್ಲಿ ನೀವು ಕೆಟ್ಟ ಮೇಷ್ಟ್ರಾಗುತ್ತೀರಿ ಅನ್ನುವುದಕ್ಕೆ ಒಂದು ಕುರುಹೂ ನನಗೆ ಕಾಣಲಿಲ್ಲ. 22 ವರ್ಷದಿಂದ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ತರಬೇತಿ ವಿದ್ಯಾರ್ಥಿಗಳ ಪಾಠ ನೋಡುತ್ತಾ ಬಂದಿದ್ದೇನೆ. ಮದುವೆಯಾಗಿ, ಮಕ್ಕಳಾದ ಮೇಲೆ ಓದಲು ಬಂದವರು ಅದರಲ್ಲಿ ಬಹಳ ಜನ. ಅವರಲ್ಲಿ ಇಂಥದ್ದು ಮಾಡದವರನ್ನು ನಾನು ನೋಡಿಲ್ಲ.

ಇಂಥ ಎಡವಟ್ಟುಗಳನ್ನೇ ಕೂಡಿಹಾಕಿ ಅಧ್ಯಯನ ಮಾಡಿದ ಒಬ್ಬರಿದ್ದರು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್. 1970ರ ದಶಕದಲ್ಲಿ ಒಂದು ದಿನ ಅವರು ಚಹಾಕ್ಕೆ ನೀರಿಟ್ಟಿದ್ದರು. ಪಕ್ಕದಲ್ಲೇ ಬೆಕ್ಕು ಹಸಿವೆಯಿಂದ ಕೂಗುತ್ತಿತ್ತು. ಬೆಕ್ಕಿನ ಊಟವನ್ನು ಚಮಚದಲ್ಲಿ ತೆಗೆದವರು ಸೀದಾ ಚಹಾ ಪಾತ್ರೆಗೆ ಹಾಕಿಬಿಟ್ಟರು. ಇದು ಯಾಕೆ ಹೀಗಾಯ್ತು ಅಂತ ಕುತೂಹಲ ಹುಟ್ಟಿ, ಆಮೇಲೆ 35 ಜನಕ್ಕೆ ಡೈರಿ ಕೊಟ್ಟು, ಎರಡು ವಾರ ತಮ್ಮ ಎಡವಟ್ಟುಗಳನ್ನೆಲ್ಲ ಬರೆದಿಡಲು ಹೇಳಿದರು. 400ಕ್ಕೂ ಜಾಸ್ತಿ ಸಿಕ್ಕವು. ಅಂದರೆ ತಲೆಗೆ ಹತ್ತಕ್ಕಿಂತ ಹೆಚ್ಚು. ಅದೂ ನೆನಪಿಟ್ಟುಕೊಂಡು ಬರೆದದ್ದು ಮಾತ್ರ. ನಿಮ್ಮ ಲೆಕ್ಕ ಇದಕ್ಕಿಂತ ದೊಡ್ಡದೇನಲ್ಲ, ಅಲ್ವಾ?

ರೀಸನ್ ಗಮನಿಸಿದ ಇನ್ನೊಂದು ವಿಷಯ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಈ ತರದ ಎಡವಟ್ಟು ಗೊತ್ತಿಲ್ಲದ ಹೊಸ ಕೆಲಸದಲ್ಲಿ ಆಗುವುದು ಕಡಿಮೆ. ಚೆನ್ನಾಗಿ ರೂಢಿಯಾದ ಕೆಲಸದಲ್ಲೇ ಆಗುತ್ತದೆ. ಕೈಗೆ, ಬಾಯಿಗೆ ಅಭ್ಯಾಸವಾದದ್ದನ್ನು ಅವು ತಾವೇ ಮಾಡಿಕೊಂಡು ಹೋಗುತ್ತವೆ, ಮನಸ್ಸು ಬೇರೆ ಎಲ್ಲೋ ಇರುತ್ತದೆ. ಗಾಡಿ ಹೊಡೆಯುವವನು ನಿದ್ದೆ ಹೋದರೆ ಎತ್ತು ಮನೆ ದಾರಿ ಹಿಡಿಯುತ್ತದಲ್ಲ, ಹಾಗೆ. ವಿಲಿಯಂ ಜೇಮ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1890ರಲ್ಲೇ ಇದಕ್ಕೊಂದು ಉದಾಹರಣೆ ಬರೆದಿದ್ದರು. ರಾತ್ರಿ ಊಟಕ್ಕೆ ಬಟ್ಟೆ ಬದಲಿಸಲು ಕೋಣೆಗೆ ಹೋದ ಕೆಲವು ಮರೆಗುಳಿಗಳು ಒಂದೊಂದೇ ಬಟ್ಟೆ ಕಳಚಿ, ಕೊನೆಗೆ ಹಾಸಿಗೆಯಲ್ಲಿ ಮಲಗಿಯೇಬಿಡುತ್ತಾರಂತೆ. ದಿನಾ ರಾತ್ರಿ ಆ ಹೊತ್ತಿಗೆ ಅಲ್ಲಿ ಮಾಡುವುದು ಅದನ್ನೇ ಅಲ್ಲವೇ.

ಈಗ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ಕಾಲುಚೀಲ ಮತ್ತು ‘ಬಂಗಾರ’, ಎರಡರಲ್ಲೂ ಮನೆ ತರಗತಿಗೆ ಬಂದಿದೆ. ‘ಗುಡ್, ಕೂತ್ಕೊ’ ಅನ್ನುವುದರಲ್ಲಿ ತರಗತಿ ಮನೆಗೆ ಹೋಗಿದೆ. ಇದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮೊದಲ ವಾರಗಳಲ್ಲಿ ಅಪ್ಪ ಅಮ್ಮಂದಿರ ಮಾತು ತರಗತಿಯಲ್ಲಿ ಕೇಳುತ್ತದೆ. ಆಮೇಲಾಮೇಲೆ ಮೇಷ್ಟ್ರ ಮಾತು ಮನೆಯಲ್ಲಿ ಕೇಳಲು ಶುರುವಾಗುತ್ತದೆ. ಮಕ್ಕಳ ಉತ್ತರ ಕೇಳಿ ಒಂದು ಮಾತು ಹೇಳಿ, ಮುಂದಿನವರ ಕಡೆ ತಿರುಗುವುದು ನಿಮಗೆ ಮೊದಲು ಬರುತ್ತಿರಲಿಲ್ಲ. ಈಗ ಅದು ಯೋಚಿಸದೆ ಬಾಯಿಗೆ ಬರುವಷ್ಟು ರೂಢಿಯಾಗಿದೆ. ಕೆಲಸ ನಿಮ್ಮ ನಾಲಿಗೆಗೆ ಹತ್ತಿದೆ. ನನಗೆ ಇದು ಒಳ್ಳೆಯ ಸುದ್ದಿ.

ಹುಡುಗನನ್ನು ‘ಬಂಗಾರ’ ಅಂದದ್ದಕ್ಕೂ ಒಂದು ಕಾರಣ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2016ರಲ್ಲಿ, ನಾವು ಗುರುತಿನವರನ್ನು ಯಾಕೆ ತಪ್ಪು ಹೆಸರಲ್ಲಿ ಕರೆಯುತ್ತೇವೆ ಅನ್ನುವುದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 1,700ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಗೊತ್ತಾದದ್ದು ಇಷ್ಟು: ಮುಖದ ಹೋಲಿಕೆಯಿಂದ ಹೆಸರು ಅದಲು ಬದಲಾಗುವುದು ಕಡಿಮೆ. ಮನಸ್ಸಿನಲ್ಲಿ ಒಂದೇ ಗುಂಪಿಗೆ ಸೇರಿದವರ ಹೆಸರುಗಳೇ ಹೆಚ್ಚಾಗಿ ಅದಲು ಬದಲಾಗುತ್ತವೆ. ಮಕ್ಕಳ ಹೆಸರು ಮಕ್ಕಳ ಜೊತೆ, ಸ್ನೇಹಿತರ ಹೆಸರು ಸ್ನೇಹಿತರ ಜೊತೆ. ಮನೆಯವರ ಹೆಸರಿನ ನಡುವೆ ಸಾಕಿದ ನಾಯಿಯ ಹೆಸರೂ ಬಂದುಬಿಡುತ್ತದೆ. ಅಂದರೆ ನಿಮ್ಮ ಮನಸ್ಸು ಆ ಹುಡುಗನನ್ನು ನೀವು ನೋಡಿಕೊಳ್ಳಬೇಕಾದ ಮಕ್ಕಳ ಗುಂಪಿಗೆ ಸೇರಿಸಿಕೊಂಡಿದೆ.

ಇಲ್ಲಿ ಮಾತ್ರ ಒಂದು ಎಚ್ಚರಿಕೆ ಹೇಳುತ್ತೇನೆ. ಒಬ್ಬನಿಗೆ ‘ಬಂಗಾರ’ ಅಂದರೆ ಉಳಿದ ಮಕ್ಕಳು ಅದನ್ನು ಲೆಕ್ಕ ಇಟ್ಟುಕೊಳ್ಳುತ್ತಾರೆ. ‘ಸರ್‌ಗೆ ಅವನೇ ಇಷ್ಟ’ ಅನ್ನುವ ಮಾತು ಮಧ್ಯಾಹ್ನದೊಳಗೆ ಇಡೀ ತರಗತಿಗೆ ಹಬ್ಬಿರುತ್ತದೆ. ಮೂಗು ಒರೆಸುವುದೂ ಅಷ್ಟೆ. ಎಂಟು ವರ್ಷದ ಹುಡುಗನಿಗೆ ಗೆಳೆಯರ ಮುಂದೆ ಮೂಗು ಒರೆಸಿಸಿಕೊಳ್ಳುವುದು ದೊಡ್ಡ ಅವಮಾನ. ಹತ್ತಿರ ಹೋಗಿ ಮೆಲ್ಲಗೆ ಟಿಶ್ಯೂ ಕೊಟ್ಟರೆ ಸಾಕು. ಮತ್ತೆ ಆ ತರಗತಿಯ ಮಕ್ಕಳ ಹೆಸರುಗಳನ್ನು ಈ ವಾರವೇ ಕೂತು ಕಲಿಯಿರಿ. ಹೆಸರು ಬಾಯಿಗೆ ಬರದಿದ್ದಾಗಲೇ ಮಗಳನ್ನು ಕರೆಯುವ ಮಾತು ಆ ಜಾಗಕ್ಕೆ ಬಂದು ಕೂರುತ್ತದೆ.

ವಾಯ್ಸ್ ಮೆಸೇಜಿನದ್ದು ಸಣ್ಣ ವಿಷಯ. ನಿಮ್ಮ ಮಾರ್ಗದರ್ಶಕಿ ನಗುವವರು ಅಂತ ಅವರ ಉತ್ತರದಲ್ಲೇ ಗೊತ್ತಾಗುತ್ತದೆ. ಹೆಂಡತಿಯ ಚಾಟನ್ನು ಮೇಲೆ ಪಿನ್ ಮಾಡಿ, ಮಾರ್ಗದರ್ಶಕಿಗೆ ವಾಯ್ಸ್ ಕಳಿಸುವುದು ಬಿಟ್ಟು ಬರೆದು ಕಳಿಸಿ. ಮುಗಿಯಿತು.

ಹೆಂಡತಿಯ ವಿಷಯ ಹಾಗಲ್ಲ. ಅದನ್ನು ಉಳಿದ ಮೂರರ ಜೊತೆ ಸೇರಿಸಿ ನಗಬೇಡಿ.

ಅವರ ಕಡೆಯಿಂದ ನೋಡಿ. ಆಫೀಸಿನಲ್ಲಿ ಜಗಳ ಆಗಿದೆ. ಮನೆಗೆ ಬಂದು ನಿಮ್ಮ ಮುಂದೆ ಕೂತು ಎಲ್ಲ ಹೇಳಿಕೊಂಡಿದ್ದಾರೆ. ಕೊನೆಯಲ್ಲಿ ಒಂದು ಮಾತು ಬರುತ್ತದೆ ಅಂತ ಕಾದಿದ್ದಾರೆ. ಬಂದದ್ದು ತರಗತಿಯಲ್ಲಿ ಸರಿಯುತ್ತರಕ್ಕೆ ಸಿಗುವ ಮಾತು. ಅದಕ್ಕಿಂತ ನೋವಾಗಿದ್ದು ಅದರ ಹಿಂದೆಯೇ ಬಂದ ‘ಬೇರೆ ಯಾರು’. ಅದರಿಂದ ಅವರಿಗೆ ಗೊತ್ತಾದದ್ದು ಒಂದೇ. ಇಷ್ಟು ಹೊತ್ತು ನಾನು ಹೇಳುತ್ತಿದ್ದಾಗ ಇವರು ಇಲ್ಲಿ ಇರಲೇ ಇಲ್ಲ.

ಹಾಗಾಗಿ ಅವರ ಹತ್ತಿರ ಹೋಗಿ ಅಭ್ಯಾಸಬಲ, ಮನಶ್ಶಾಸ್ತ್ರ ಅಂತ ವಿವರಣೆ ಕೊಡಬೇಡಿ. ನಾನು ಮೇಲೆ ಬರೆದದ್ದು ನಿಮ್ಮ ಸಮಾಧಾನಕ್ಕೆ, ಅವರಿಗೆ ಓದಿ ಹೇಳಲು ಅಲ್ಲ. ‘ಆವತ್ತು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆ ಜಗಳದ ವಿಷಯ ಇನ್ನೊಂದು ಸಲ ಹೇಳ್ತೀಯಾ?’ ಅಂತ ಕೇಳಿ. ಮಗಳು ಮಲಗಿದ ಮೇಲೆ, ಫೋನ್ ಬೇರೆ ಕೋಣೆಯಲ್ಲಿಟ್ಟು ಕೇಳಿ. ಅವರು ಒಂದು ದಿನ ‘ಬೇಡ ಬಿಡಿ’ ಅನ್ನಬಹುದು. ಮಾರನೇ ದಿನ ಮತ್ತೆ ಕೇಳಿ.

ಇಲ್ಲಿ ನಿಮ್ಮ ತರಬೇತಿಯೇ ಒಂದು ಕೆಲಸಕ್ಕೆ ಬರುತ್ತದೆ. ಪ್ರಶ್ನೆ ಕೇಳಿ ಮೂರು ಸೆಕೆಂಡು ಕಾಯಬೇಕು ಅಂತ ನಿಮಗೆ ಹೇಳಿಕೊಟ್ಟಿರುತ್ತಾರೆ. ಇದನ್ನು 1970ರ ಸುಮಾರಿಗೆ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಕಂಡುಕೊಂಡರು. ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡು ಮಾತ್ರ. ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತಿತ್ತು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಡುತ್ತಿದ್ದರು. ಬಹಳ ಜನಕ್ಕೆ ಇಷ್ಟು ನೆನಪಿರುತ್ತದೆ. ಮರೆತುಹೋಗುವುದು ಅವರು ಹೇಳಿದ ಎರಡನೇ ವಿರಾಮ. ಮಗು ಉತ್ತರ ಹೇಳಿದ ಮೇಲೂ ಶಿಕ್ಷಕರು ತಕ್ಷಣ ‘ಗುಡ್’ ಅನ್ನದೆ ಮೂರು ಸೆಕೆಂಡು ಸುಮ್ಮನಿರಬೇಕು. ಆಗ ಆ ಮಗು ಇನ್ನೂ ಏನೋ ಸೇರಿಸುತ್ತದೆ, ತಾನೇ ತಿದ್ದಿಕೊಳ್ಳುತ್ತದೆ. ನೀವು ತರಗತಿಯಲ್ಲೂ ಈ ಎರಡನೇ ವಿರಾಮ ಬಿಡುತ್ತಿಲ್ಲ ಅಂತ ನನಗೆ ಅನುಮಾನ. ಉತ್ತರ ಮುಗಿಯಿತೋ ಇಲ್ಲವೋ ‘ಗುಡ್, ಕೂತ್ಕೊ’ ಬಂದುಬಿಡುತ್ತಿದೆ. ಮನೆಯಲ್ಲಿ ಬಂದದ್ದೂ ಅದೇ. ಆ ಮೂರು ಸೆಕೆಂಡನ್ನು ಎರಡೂ ಕಡೆ ರೂಢಿ ಮಾಡಿಕೊಳ್ಳಿ. ಹೆಂಡತಿ ಮಾತು ಮುಗಿಸಿದರು ಅಂತ ನಿಮಗೆ ಅನ್ನಿಸಿದ ಮೇಲೆ ಅವರು ಹೇಳುವ ಇನ್ನೊಂದು ಮಾತು ಇರುತ್ತದೆ. ಎಷ್ಟೋ ಸಲ ಅದೇ ಮುಖ್ಯವಾದದ್ದು.

ಇನ್ನು ಎಡವಟ್ಟು ಕಡಿಮೆ ಮಾಡುವುದು ಹೇಗೆ? ನಿಮ್ಮ ನಾಲ್ಕು ಎಡವಟ್ಟುಗಳಲ್ಲಿ ಒಂದೂ ಒಂದು ಕೆಲಸದಲ್ಲಿ ಪೂರ್ತಿ ಮುಳುಗಿದ್ದಾಗ ಆಗಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲವೂ ಒಂದು ಪಾತ್ರದಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲಲ್ಲಿ ಆಗಿವೆ. ಒಂದೇ ದಿನದಲ್ಲಿ ನೀವು ಅಪ್ಪ, ಗಂಡ, ವಿದ್ಯಾರ್ಥಿ, ಮೇಷ್ಟ್ರು. ನಡುವೆ ಉಸಿರು ಬಿಡುವಷ್ಟೂ ಜಾಗ ಇಲ್ಲ. ದಿನವಿಡೀ ಹುಷಾರಾಗಿರುತ್ತೇನೆ ಅಂತ ಹಟ ಮಾಡಿದರೆ ಆಗುವುದಿಲ್ಲ, ಸುಸ್ತಾಗುತ್ತದೆ ಅಷ್ಟೆ. ಹೊಸ್ತಿಲಲ್ಲಿ ಮಾತ್ರ ಒಂದು ಕಾವಲು ಇಡಿ.

ಮೊದಲನೆಯದು ಬ್ಯಾಗು. ಮಗಳ ಸಾಮಾನಿಗೆ ಒಂದು, ಪಾಠದ ಸಾಮಾನಿಗೆ ಇನ್ನೊಂದು. ಬಣ್ಣ ಬೇರೆ ಇರಲಿ, ಹಿಡಿಕೆ ಬೇರೆ ಇರಲಿ, ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಬೇಕು. ಪಾಠದ ಬ್ಯಾಗನ್ನು ರಾತ್ರಿಯೇ ಮುಚ್ಚಿ ಬಾಗಿಲ ಹತ್ತಿರ ಇಡಿ. ಬೆಳಗ್ಗೆ ಮನೆಯಲ್ಲಿ ಅದರ ಜಿಪ್ ತೆಗೆಯುವ ಹಾಗಿಲ್ಲ ಅಂತ ಮನೆಯವರಿಗೆಲ್ಲ ಹೇಳಿ. ಕಾಲುಚೀಲ ಒಳಗೆ ಹೋದದ್ದು ಬೆಳಗಿನ ಗಡಿಬಿಡಿಯಲ್ಲೇ ಇರಬೇಕು. ಒಂದು ಕೈಯಲ್ಲಿ ಮಗಳ ಶೂ, ಇನ್ನೊಂದು ಕೈಯಲ್ಲಿ ಮಿಂಚುಪಟ್ಟಿ ಇದ್ದಾಗ ಕೈ ಎರಡನ್ನೂ ಹತ್ತಿರದ ಬ್ಯಾಗಿಗೇ ಹಾಕುತ್ತದೆ.

ಎರಡನೆಯದು ಶಾಲೆಯ ಗೇಟು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಒಂದು ಸರಳ ವಿಷಯವನ್ನು ತೋರಿಸಿಕೊಟ್ಟಿದ್ದಾರೆ. ‘ಇನ್ಮೇಲೆ ಹುಷಾರಾಗಿರ್ತೀನಿ’ ಅನ್ನುವ ನಿರ್ಧಾರ ನಿಲ್ಲುವುದು ಕಷ್ಟ. ‘ಇಂಥ ಜಾಗಕ್ಕೆ ಬಂದಾಗ ಇಂಥದ್ದು ಮಾಡುತ್ತೇನೆ’ ಅಂತ ಜಾಗವನ್ನೂ ಕೆಲಸವನ್ನೂ ಗಂಟು ಹಾಕಿದ ನಿರ್ಧಾರ ನಿಲ್ಲುತ್ತದೆ. ಜಾಗ ಕಂಡ ಕೂಡಲೇ ಕೆಲಸ ನೆನಪಾಗುತ್ತದೆ. ಗೇಟಿನ ಹತ್ತಿರ ಬಂದಾಗ ಅರ್ಧ ನಿಮಿಷ ನಿಲ್ಲಿ. ಬ್ಯಾಗ್ ತೆರೆದು ಒಳಗಿರುವುದನ್ನು ಕಣ್ಣಿಂದ ನೋಡಿ. ಇವತ್ತಿನ ಪಾಠದ ಮೊದಲ ವಾಕ್ಯವನ್ನು ಮೆಲ್ಲಗೆ ಬಾಯಿ ಬಿಟ್ಟು ಹೇಳಿ. ಸಂಜೆ ಮನೆ ಬಾಗಿಲಲ್ಲೂ ಹಾಗೇ. ಬೀಗ ತೆಗೆಯುವ ಮುಂಚೆ, ಒಳಗಿರುವವರನ್ನು ಏನು ಕೇಳಬೇಕು ಅಂತ ಒಂದು ಪ್ರಶ್ನೆ ಯೋಚಿಸಿಕೊಂಡು ಒಳಗೆ ಹೋಗಿ.

ಮೂರನೆಯದು ಮನೆ ಬಾಗಿಲಿಗೆ ಒಂದು ಚೀಟಿ. ಚೀಟಿ ಬರೆದು ಅಂಟಿಸುವುದು ಮಕ್ಕಳಾಟ ಅನ್ನಿಸಬಹುದು. 1935ರ ಅಕ್ಟೋಬರಿನಲ್ಲಿ ಬೋಯಿಂಗ್‌ನ ನಾಲ್ಕು ಎಂಜಿನ್ನಿನ ಹೊಸ ವಿಮಾನ ಪರೀಕ್ಷಾ ಹಾರಾಟದಲ್ಲೇ ಬಿತ್ತು. ನಡೆಸುತ್ತಿದ್ದವರು ನುರಿತ ಪೈಲಟ್. ಹಾರುವ ಮುಂಚೆ ಒಂದು ಲಾಕ್ ತೆಗೆಯುವುದು ಮರೆತುಹೋಗಿತ್ತು. ಆಮೇಲೆ ಪೈಲಟ್‌ಗಳು ಹಾರುವ ಮುಂಚೆ ಏನೇನು ನೋಡಬೇಕು ಅಂತ ಒಂದು ಪಟ್ಟಿ ಮಾಡಿಕೊಂಡರು. ವಿಮಾನ ನಡೆಸುವವರು ಇವತ್ತಿಗೂ ಅಂಥ ಪಟ್ಟಿ ಹಿಡಿದೇ ಕೂರುತ್ತಾರೆ. ನಿಮ್ಮ ಬಾಗಿಲಿನ ಒಳಗಡೆ ಐದು ಸಾಲಿನ ಚೀಟಿ ಇದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಒಲೆ, ಕೀಲಿ, ಫೋನು, ಪಾಠಯೋಜನೆ, ಮಗಳ ಬ್ಯಾಗು. ಐದಕ್ಕಿಂತ ಜಾಸ್ತಿ ಬರೆಯಬೇಡಿ, ಓದುವುದನ್ನೇ ಬಿಟ್ಟುಬಿಡುತ್ತೀರಿ.

ನಾಲ್ಕು ಗಂಟೆಗೆ ಏಳುವ ಯೋಚನೆ ಮಾತ್ರ ಬಿಟ್ಟುಬಿಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಿದ್ದೆ ಕಡಿಮೆಯಾದಷ್ಟೂ ಗಮನ ಜಾರುತ್ತದೆ, ಕೈ ತನ್ನಷ್ಟಕ್ಕೆ ಓಡುತ್ತದೆ. ನೀವು ಎಡವಟ್ಟು ಕಡಿಮೆ ಮಾಡಲು ಹೊರಟು ಅದನ್ನು ದುಪ್ಪಟ್ಟು ಮಾಡಿಕೊಳ್ಳುತ್ತೀರಿ. ಪಾಠಯೋಜನೆಯ ಅಂಚು ಗೀಟು, ಬಣ್ಣದ ಚಾರ್ಟು ಅಂತ ಗಂಟೆಗಟ್ಟಲೆ ಕೂರುವವರನ್ನು ತುಂಬಾ ನೋಡಿದ್ದೇನೆ. ಅಲ್ಲಿ ಸಮಯ ಉಳಿಸಿ. ಸ್ವಲ್ಪ ಸಾದಾ ಚಾರ್ಟು, ಪೂರ್ತಿ ನಿದ್ದೆ ಮಾಡಿದ ಮೇಷ್ಟ್ರು ಇದ್ದರೆ ತರಗತಿ ಚೆನ್ನಾಗಿಯೇ ನಡೆಯುತ್ತದೆ. ಮತ್ತೆ, ಒಲೆ ಆರಿಸುವುದು ಮರೆಯುವುದು, ಮಗಳ ಔಷಧಿ ಎರಡು ಸಲ ಕೊಡುವುದು, ಅವಳನ್ನು ಕರೆತರುವ ಹೊತ್ತೇ ಮರೆಯುವುದು, ಇಂಥದ್ದು ಆದರೆ ನಗುವ ವಿಷಯ ಅಲ್ಲ. ಆಗ ಮನೆಯ ಕೆಲಸವನ್ನು ಬೇರೆ ರೀತಿ ಹಂಚಿಕೊಳ್ಳುವ ಬಗ್ಗೆ ಇಬ್ಬರೂ ಕೂತು ಮಾತಾಡಬೇಕು. ಮಾರ್ಗದರ್ಶಕಿಗೂ ತಿಳಿಸಬೇಕು. ನಿದ್ದೆಯೇ ಬಾರದ ಸ್ಥಿತಿ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ಈಗ ಮೌಲ್ಯಮಾಪನದ ಪಾಠ. ಅಷ್ಟೆಲ್ಲ ಮಾಡಿದರೂ ಅವತ್ತು ಏನೋ ಒಂದು ಆಗಬಹುದು. ಆಗಲಿ.

ನಾವು ಅಂದುಕೊಂಡಷ್ಟು ಜನ ನಮ್ಮನ್ನು ಗಮನಿಸುವುದಿಲ್ಲ ಅನ್ನುವುದು ಒಂದು ಸಮಾಧಾನ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮುಜುಗರ ತರುವ ಚಿತ್ರ ಇರುವ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಅದನ್ನು ನೋಡಿರುತ್ತಾರೆ ಅಂತ ಹಾಕಿಕೊಂಡವರಿಗೆ ಅನ್ನಿಸಿತು. ನಿಜವಾಗಿ ನೋಡಿದ್ದು ಕಾಲು ಭಾಗದಷ್ಟು ಜನ. ಆದರೆ ನೀವು ಕಾಲುಚೀಲವನ್ನು ಎತ್ತಿ ಹಿಡಿದು ಓದಿ ಅಂದಿದ್ದೀರಿ. ಅದನ್ನು ಎಲ್ಲರೂ ನೋಡಿದ್ದಾರೆ. ಆ ಮಾತು ಬೇರೆ.

ಅಂಥ ಹೊತ್ತಿಗೆ ಬೇಕಾಗುವುದು 1966ರ ಇನ್ನೊಂದು ಪ್ರಯೋಗ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಜೊತೆಯವರು ಒಂದು ಧ್ವನಿಮುದ್ರಣ ಕೇಳಿಸಿದರು. ಅದರಲ್ಲಿ ಒಬ್ಬ ಕಷ್ಟದ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರಿಸಿ, ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಳ್ಳುತ್ತಾನೆ. ಕಾಫಿ ಚೆಲ್ಲಿದ ಮೇಲೆ ಅವನು ಕೇಳುಗರಿಗೆ ಇನ್ನೂ ಇಷ್ಟವಾದ. ಉತ್ತರ ಸರಿಯಾಗಿ ಹೇಳದವನು ಕಾಫಿ ಚೆಲ್ಲಿಕೊಂಡಾಗ ಮಾತ್ರ ಅವನ ಮೇಲಿದ್ದ ಒಲವು ಇನ್ನಷ್ಟು ಇಳಿಯಿತು. ನನಗೆ ಈ ಎರಡನೇ ಭಾಗವೇ ಮುಖ್ಯ. ಪಾಠ ಗಟ್ಟಿಯಾಗಿದ್ದರೆ ಕಾಲುಚೀಲ ನಿಮ್ಮನ್ನು ಮಕ್ಕಳಿಗೆ ಹತ್ತಿರ ಮಾಡುತ್ತದೆ. ಪಾಠವೇ ಪೊಳ್ಳಾಗಿದ್ದರೆ ಅದೇ ಕಾಲುಚೀಲ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ನಿಮ್ಮ ಶಕ್ತಿಯನ್ನೆಲ್ಲ ಎಡವಟ್ಟು ತಡೆಯುವುದಕ್ಕೆ ಸುರಿಯಬೇಡಿ, ಪಾಠಕ್ಕೆ ಇಡಿ.

ಕಾಲುಚೀಲ ಎತ್ತಿ ಹಿಡಿದ ಮೇಲೆ ನೀವೇನು ಮಾಡಿದಿರಿ ಅಂತ ಪತ್ರದಲ್ಲಿ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತ ನಾನಾಗಿದ್ದರೆ ಅದನ್ನೇ ನೋಡುತ್ತಿದ್ದೆ, ಅದನ್ನೇ ಬರೆದುಕೊಳ್ಳುತ್ತಿದ್ದೆ. ಮಕ್ಕಳು ನಗುತ್ತಾರೆ. ನಗಲು ಬಿಡಿ. ನೀವೂ ನಗಿ. ‘ಇದು ನನ್ನ ಮಗಳ ಕಾಲುಚೀಲ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಣುವ ಹಾಗೆ ಮೇಜಿನ ಮೇಲಿಡಿ. ಮುಚ್ಚಿಟ್ಟರೆ ಮಕ್ಕಳ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಆಮೇಲೆ ಮಿಂಚುಪಟ್ಟಿ ಎತ್ತಿ ‘ಓದಬೇಕಾಗಿದ್ದು ಇದು’ ಅನ್ನಿ. ಒಂದೇ ಮಾತು. ಮೂರು ಮೂರು ಸಲ ಸಾರಿ ಕೇಳಿದರೆ ಐದು ನಿಮಿಷ ಹೋಗುತ್ತದೆ, ಮಕ್ಕಳಿಗೆ ಇದೇನೋ ದೊಡ್ಡ ತಪ್ಪು ಅನ್ನಿಸುತ್ತದೆ. ತಾವು ತಪ್ಪು ಮಾಡಿದಾಗ ಹೇಗಿರಬೇಕು ಅಂತ ಅವರು ಕಲಿಯುವುದೂ ನಿಮ್ಮನ್ನು ನೋಡಿಯೇ.

ನಾನು ತರಬೇತಿಯಲ್ಲಿದ್ದಾಗ ನನ್ನ ಮಗನಿಗೆ ಎಂಟು ತಿಂಗಳು. ರಾತ್ರಿಯೆಲ್ಲ ಎತ್ತಿಕೊಂಡು ತೂಗಿ ತೂಗಿ ನಿಂತಲ್ಲೇ ತೂಗುವುದು ಮೈಗೆ ಹತ್ತಿಬಿಟ್ಟಿತ್ತು. ಒಂದು ದಿನ ಎರಡನೇ ತರಗತಿಯ ಮಕ್ಕಳಿಗೆ ಬರೆಯಲು ಕೊಟ್ಟು ಮುಂದೆ ನಿಂತಿದ್ದೆ. ಕೈಯಲ್ಲಿ ಪುಸ್ತಕ. ಮೊದಲ ಸಾಲಿನ ಹುಡುಗಿ ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳೂ ಮೆಲ್ಲಗೆ ಆಕಡೆ ಈಕಡೆ ತೂಗುತ್ತಿದ್ದಳು. ಅವಳ ಪಕ್ಕದವನೂ ತೂಗುತ್ತಿದ್ದ. ಆಗ ಗೊತ್ತಾಯ್ತು, ನಾನು ಪುಸ್ತಕವನ್ನು ಎದೆಗೊತ್ತಿಕೊಂಡು ತೂಗುತ್ತಿದ್ದೆ. ‘ಮಿಸ್, ಅದು ಮಲಗ್ತಾ?’ ಅಂತ ಆ ಹುಡುಗಿ ಕೇಳಿದಳು. ‘ಇನ್ನೂ ಇಲ್ಲ, ನೀವು ಮೆಲ್ಲಗೆ ಬರೀರಿ’ ಅಂದೆ. ಎಲ್ಲರೂ ಸದ್ದಿಲ್ಲದೆ ಬರೆದರು. ಹಿಂದೆ ಕೂತಿದ್ದ ನನ್ನ ಮಾರ್ಗದರ್ಶಕರು ಟಿಪ್ಪಣಿ ಪುಸ್ತಕದಲ್ಲಿ ತೂಗಿದ್ದರ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ‘ಬರೆಯುವ ಅವಧಿಯಲ್ಲಿ ತರಗತಿ ಶಾಂತವಾಗಿತ್ತು’ ಅಂತ ಇತ್ತು.

ನೀವು ‘ಲಾಯಕ್ಕಾ’ ಅಂತ ಕೇಳಿದ್ದೀರಿ. ಫ್ರಾನ್ಸಿಸ್ ಫುಲ್ಲರ್ ಅನ್ನುವ ಸಂಶೋಧಕಿ 1969ರಲ್ಲೇ ಬರೆದಿದ್ದರು. ಪಾಠ ಮಾಡಲು ಶುರು ಮಾಡಿದವರ ಚಿಂತೆಯೆಲ್ಲ ಮೊದಲು ತಮ್ಮ ಬಗ್ಗೆಯೇ ಇರುತ್ತದೆ. ನನ್ನ ಕೈಲಾಗುತ್ತಾ, ನನ್ನನ್ನು ಏನಂದುಕೊಳ್ಳುತ್ತಾರೆ ಅಂತ. ಅನುಭವ ಆಗುತ್ತಾ ಬಂದ ಹಾಗೆ ಚಿಂತೆ ಮಕ್ಕಳ ಕಡೆ ತಿರುಗುತ್ತದೆ. ಅವರಿಗೆ ಅರ್ಥವಾಯ್ತಾ, ಹಿಂದೆ ಉಳಿದವನಿಗೆ ಏನು ಮಾಡಲಿ ಅಂತ. ನೀವು ಇನ್ನೂ ಮೊದಲನೆಯದರಲ್ಲಿ ಇದ್ದೀರಿ. ಇರಬೇಕಾದ ಜಾಗವೇ ಅದು. ಆದರೆ ಎದುರಿಗಿರುವ ಹುಡುಗನ ಮೂಗು ಸೋರುವುದು ಪಾಠದ ನಡುವೆಯೂ ನಿಮ್ಮ ಕಣ್ಣಿಗೆ ಬಿದ್ದಿದೆ. ಎಷ್ಟೋ ಜನಕ್ಕೆ ಮೊದಲ ತಿಂಗಳಲ್ಲಿ ಕಪ್ಪು ಹಲಗೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೆಂಡತಿ ಮಾತಾಡಲು ಶುರು ಮಾಡಿದ್ದರೆ, ಮೌಲ್ಯಮಾಪನದ ಹಿಂದಿನ ಸಂಜೆ ಅವರನ್ನೂ ಮಗಳನ್ನೂ ಕೂರಿಸಿಕೊಂಡು ಪಾಠ ಒಮ್ಮೆ ಮಾಡಿ ತೋರಿಸಿ. ಎಲ್ಲಿ ಗಡಿಬಿಡಿ ಮಾಡಿದಿರಿ, ಎಲ್ಲಿ ಕಾಯಲಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅವರು ಹೇಳಿ ಮುಗಿಸಿದ ಮೇಲೆ ಮೂರು ಸೆಕೆಂಡು ಸುಮ್ಮನಿರಿ. ‘ಗುಡ್, ಕೂತ್ಕೊ’ ಅನ್ನುವ ಸರದಿ ಈ ಸಲ ಅವರದ್ದು. ಆಮೇಲೆ ಪಾಠದ ಬ್ಯಾಗಿನಲ್ಲಿ ಕಾಲುಚೀಲ ಇಲ್ಲ ಅಂತ ಒಮ್ಮೆ ನೋಡಿ, ಜಿಪ್ ಎಳೆದು, ಹತ್ತು ಗಂಟೆಯೊಳಗೆ ಮಲಗಿ.